ರೀಸೆಟ್ ಒತ್ತುವ ಮುನ್ನ

ಮಕ್ಕಳೇ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾವ ಬೀದಿಯಲ್ಲಿ ನೆಟ್ ನಿಂತರೂ ಮೊದಲು ಕರೆ ಬರುವುದು ಓದಿದ ಹುಡುಗ ಹುಡುಗಿಯರಿಗೆ. "ಸ್ವಲ್ಪ ಬಂದು ನೋಡಪ್ಪ", "ಏನಾಗಿದೆ ನೋಡಮ್ಮ" ಎಂದು ಅಕ್ಕಪಕ್ಕದವರು ಕೂಗುತ್ತಾರೆ. ಹೋಗಿ, ಬೇಸರಪಡಬೇಡಿ. ಆದರೆ ಒಂದು ಮಾತು ಮನಸ್ಸಿನಲ್ಲಿರಲಿ. ರೂಟರೋ ಹಾರ್ಡ್‌ಡಿಸ್ಕೋ ಹಾಳಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಡಿಸ್ಕಿನೊಳಗಿದ್ದ ಮದುವೆ ಫೋಟೊ, ತೀರಿಕೊಂಡ ಅಜ್ಜಿಯ ದನಿ, ಸ್ಟುಡಿಯೊದವರು ವರ್ಷಗಟ್ಟಲೆ ದುಡಿದು ಕೂಡಿಟ್ಟ ಆಲ್ಬಮ್ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಮೊದಲು ಕಣ್ಣಿಗೆ ಕೆಲಸ ಕೊಡಿ, ಆಮೇಲೆ ಕೈಗೆ.

ರೂಟರ್ ಹಿಂದೆ ಗುಂಡುಪಿನ್ನು ತೂರುವಷ್ಟು ಸಣ್ಣ ರೀಸೆಟ್ ತೂತೊಂದಿರುತ್ತದೆ. ಅವಸರದ ಕೈ ನೇರ ಅಲ್ಲಿಗೇ ಹೋಗುತ್ತದೆ. ಆಫ್ ಮಾಡಿ ಆನ್ ಮಾಡುವುದು ಬೇರೆ, ಆ ತೂತಿಗೆ ಪಿನ್ನು ಚುಚ್ಚಿ ಹಿಡಿಯುವುದು ಬೇರೆ. ಚುಚ್ಚಿ ಹಿಡಿದರೆ ಕನೆಕ್ಷನ್ ಕೊಟ್ಟವರು ತುಂಬಿಸಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಅಳಿಸಿಹೋಗಬಹುದು. ನಿಧಾನವಾಗಿದ್ದ ನೆಟ್ ಆಗ ಪೂರ್ತಿ ನಿಲ್ಲುತ್ತದೆ. ಆ ವಿವರಗಳನ್ನು ಕಾಗದದಲ್ಲಿ ಬರೆದುಕೊಳ್ಳುವ ತನಕ ಆ ತೂತಿನ ತಂಟೆಗೆ ಹೋಗಬೇಡಿ.

ಹಾಗಾದರೆ ದೋಷ ಹುಡುಕುವುದು ಹೇಗೆ? ನಮ್ಮ ಕೋಲಾರ ಜಿಲ್ಲೆಗೆ ಕರೆಂಟ್ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕೆಜಿಎಫ್ ಚಿನ್ನದ ಗಣಿಗಳಿಗೆ ವಿದ್ಯುತ್ ತಂದರು. ಉದ್ದದ ಲೈನಿನಲ್ಲಿ ದೋಷ ಹುಡುಕುವವರು ಅದನ್ನು ಭಾಗ ಭಾಗವಾಗಿ ಬೇರ್ಪಡಿಸಿ, ಯಾವ ಭಾಗ ಸರಿಯಿದೆ ಎಂದು ಖಚಿತ ಮಾಡಿಕೊಳ್ಳುತ್ತಾ ಹೋಗುತ್ತಾರೆ. ನಿಮ್ಮ ಕೆಲಸವೂ ಅದೇ. ಪ್ಲಗ್ಗು, ಅಡಾಪ್ಟರ್, ಫೈಬರ್ ಪೆಟ್ಟಿಗೆ, ರೂಟರ್, ಕೇಬಲ್, ಕೊನೆಗೆ ಲ್ಯಾಪ್‌ಟಾಪ್. ಒಂದೊಂದನ್ನೇ ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಟ್ಟಿಗೆ ಮೂರು ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಬೆಳಕು ಒಳಗೆ ಬರುತ್ತಿಲ್ಲ ಎಂದರ್ಥ. ಬಾಗಿಲ ಸಂದಿಯಲ್ಲೋ ಬೀರುವಿನ ಹಿಂದೆಯೋ ತೆಳು ವೈರು ಮಡಚಿಕೊಂಡಿದೆಯಾ ನೋಡಿ. ಇಲ್ಲದಿದ್ದರೆ ಕಂಪನಿಗೆ ದೂರು ಕೊಡಿ, ರೂಟರ್ ಬಿಚ್ಚಬೇಡಿ. ಕೇಬಲ್ ಹಾಕಿದರೆ ನೆಟ್ ಬರುತ್ತದೆ, ವೈಫೈಯಲ್ಲಿ ಬರುವುದಿಲ್ಲ ಎಂದಾದರೆ ರೂಟರ್ ಇಟ್ಟ ಜಾಗ ನೋಡಿ. ನಮ್ಮ ಕಡೆಯ ಹಳೇ ಮನೆಗಳ ಕಲ್ಲುಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸೊರಗಿಹೋಗುತ್ತದೆ. ಒಳಕೋಣೆಗೆ 2.4 ಗಿಗಾಹರ್ಟ್ಸ್ ವಾಸಿ. ಅದರಲ್ಲಿ 1, 6, 11ನೇ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ, ಖಾಲಿಯಿರುವುದನ್ನು ಆರಿಸಿ. ಸಂಜೆ ಎಲ್ಲರೂ ಮೊಬೈಲ್ ಹಿಡಿದಾಗ ರೂಟರ್ ತಾನಾಗಿಯೇ ಆಫ್ ಆಗಿ ಆನ್ ಆಗುತ್ತಿದ್ದರೆ ಅಡಾಪ್ಟರ್ ಸೋತಿರಬಹುದು. ಅಷ್ಟೇ ವೋಲ್ಟಿನ, ಸಾಕಷ್ಟು ಆಂಪಿಯರಿನ ಇನ್ನೊಂದನ್ನು ಹಾಕಿ ಪರೀಕ್ಷಿಸಿ.

ಇನ್ನು ಫೋಟೊ ಸ್ಟುಡಿಯೊಗಳಲ್ಲಿ, ಕೆಲವು ಮನೆಗಳಲ್ಲಿ ಇರುವ ನ್ಯಾಸ್, ಅಂದರೆ ನೆಟ್‌ವರ್ಕಿಗೆ ಸೇರಿಸಿಟ್ಟ ಹಾರ್ಡ್‌ಡಿಸ್ಕ್ ಪೆಟ್ಟಿಗೆ. ನೆಟ್ ಕಂಪನಿ ಬದಲಾಯಿಸಿದ ಮರುದಿನ "ಡಿಸ್ಕ್ ಹೋಯಿತು" ಎಂದು ಅತ್ತವರಿದ್ದಾರೆ. ಡಿಸ್ಕ್ ಎಲ್ಲೂ ಹೋಗಿರುವುದಿಲ್ಲ. ಹಳೇ ರೂಟರಿನ ವಿಳಾಸಗಳು 192.168.1ರಿಂದ ಶುರುವಾಗುತ್ತಿದ್ದರೆ ಹೊಸತರಲ್ಲಿ 192.168.29 ಇರಬಹುದು. ಹಳೇ ವಿಳಾಸವನ್ನೇ ಹಿಡಿದು ಕೂತ ಪೆಟ್ಟಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ವಿಳಾಸ ಸರಿಪಡಿಸಿದರೆ ಸಾಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೆಟ್ಟ ನ್ಯಾಸ್‌ನ ಡಿಸ್ಕ್ ಕಳಚಿ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದರೆ, ಇದನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ ಬರಬಹುದು. ಡಿಸ್ಕ್ ಖಾಲಿಯಾಗಿದೆ ಎಂದು ಅದರ ಅರ್ಥವಲ್ಲ. ಹೆಚ್ಚಿನ ನ್ಯಾಸ್‌ಗಳು ಲಿನಕ್ಸ್ ಪದ್ಧತಿಯಲ್ಲಿ ಬರೆಯುತ್ತವೆ, ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೇ. ಫಾರ್ಮ್ಯಾಟ್‌ಗೆ ಒಪ್ಪಿದಿರೋ, ಇದ್ದದ್ದನ್ನೂ ಕಳೆದಿರಿ. ರದ್ದು ಮಾಡಿ, ಡಿಸ್ಕ್ ತೆಗೆದಿಡಿ, ಲಿನಕ್ಸ್ ಗೊತ್ತಿದ್ದವರನ್ನು ಕೇಳಿ. ಎರಡು ಡಿಸ್ಕಿನಲ್ಲೂ ಒಂದೇ ಮಾಹಿತಿ ಬರೆಯುವ ಪೆಟ್ಟಿಗೆಯಲ್ಲಿ ಒಂದು ಕೆಟ್ಟರೆ, ಹೊಸದನ್ನು ಹಾಕುವ ಮೊದಲು ಉಳಿದದ್ದರಿಂದ ಮುಖ್ಯವಾದದ್ದನ್ನೆಲ್ಲ ಬೇರೆ ಕಡೆ ನಕಲು ಮಾಡಿ. ಕಳಚುವಾಗ ಒಳ್ಳೆಯ ಡಿಸ್ಕನ್ನೇ ಎಳೆದುಬಿಡದಂತೆ ಸೀರಿಯಲ್ ನಂಬರ್ ಓದಿ ನೋಡಿಕೊಳ್ಳಿ.

ಎರಡು ಡಿಸ್ಕಿನಲ್ಲಿ ಒಂದೇ ಮಾಹಿತಿ ಇದೆಯೆಂದು ಬ್ಯಾಕಪ್ ಆಯಿತೆಂದುಕೊಳ್ಳಬೇಡಿ. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಎಂಬ ನ್ಯಾಸ್ ಪೆಟ್ಟಿಗೆಗಳಿಗೆ ಇಂಟರ್ನೆಟ್ ಮೂಲಕ ಕನ್ನ ಬಿತ್ತು. ಜಗತ್ತಿನ ನಾನಾ ಕಡೆ ಜನರ ಫೈಲುಗಳು ಒಮ್ಮೆಗೇ ಅಳಿಸಿಹೋದವು. ಆ ಪೆಟ್ಟಿಗೆಗಳಿಗೆ 2015ರ ನಂತರ ಅಪ್‌ಡೇಟೇ ಬಂದಿರಲಿಲ್ಲ. ಮುಖ್ಯವಾದದ್ದರ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಸಾಧನಗಳಲ್ಲಿರಲಿ, ಒಂದು ಬೇರೆ ಮನೆಯಲ್ಲಿರಲಿ. ಅಪ್‌ಡೇಟ್ ನಿಂತ ಪೆಟ್ಟಿಗೆಯನ್ನು ಹೊರಗಿನ ನೆಟ್ಟಿಗೆ ತೆರೆದಿಡಬೇಡಿ.

ಕರೆಂಟಿನ ವಿಷಯವನ್ನೂ ಹೇಳಲೇಬೇಕು. ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಎಂದು ಬರೆದ ಸ್ವಿಚ್ ಇದ್ದರೆ ಆ ಕಡೆಗೆ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದ ಆ ಅರೆಗಳಿಗೆಯಲ್ಲೇ ನ್ಯಾಸ್ ಆಫ್ ಆಗಬಹುದು. ಬರೆಯುತ್ತಿರುವಾಗ ನಿಂತರೆ ಫೈಲು ಕೆಡಬಹುದು. ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಬಲಿಯುವ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲು ಜೋರು. ಮೋಡ ಕವಿಯುತ್ತಲೇ ಪ್ಲಗ್ಗಷ್ಟೇ ಅಲ್ಲ, ಹೊರಗಿನಿಂದ ಬರುವ ಲ್ಯಾನ್ ಕೇಬಲನ್ನೂ ಕೀಳಿ. ಸಿಡಿಲು ತಾಮ್ರದ ತಂತಿ ಹಿಡಿದು ಒಳಗೆ ಬರುತ್ತದೆ. ಸಿಡಿಲು ಶುರುವಾದ ಮೇಲೆ ಮಾತ್ರ ಮುಟ್ಟಲು ಹೋಗಬೇಡಿ.

ಕೊನೆಯದಾಗಿ, ಇನ್ನೊಬ್ಬರ ಮನೆಯ ಡಿಸ್ಕ್ ನಿಮ್ಮ ಕೈಗೆ ಬಂದರೆ ಅವರ ಮಾನವೂ ಬಂದಂತೆ. ನಕಲು ಸರಿಯಾಗಿದೆಯಾ ಎಂದು ನೋಡಬೇಕಾದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತೆರೆಯಿರಿ. ಗೊತ್ತಿಲ್ಲದ ಕಡೆ "ನನಗೆ ಗೊತ್ತಿಲ್ಲ, ಇಷ್ಟಕ್ಕೇ ನಿಲ್ಲಿಸೋಣ" ಎನ್ನಲು ಹಿಂಜರಿಯಬೇಡಿ. ಬಂಗಾರಪೇಟೆಯಲ್ಲೋ ಮಾಲೂರಿನಲ್ಲೋ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಭಾನುವಾರ ಮನೆಯಲ್ಲಿದ್ದಾಗ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಅಪ್ಪ ಅಮ್ಮನ ಫೋಟೊಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ನಾಲ್ಕಾರು ತೆರೆದು ನೋಡಿ, ಆ ಡಿಸ್ಕನ್ನು ನೆಂಟರ ಮನೆಯಲ್ಲಿಡಿ. ರಿಪೇರಿ ಕಲಿಯುವುದು ಅದಾದ ಮೇಲೆ.