ಹಾಲು ಕಾಸಿ ಮಾರುವ ಕೈಗೂ ಬೇಕು ಪ್ರಮಾಣಪತ್ರ



“ಸಾಹೇಬ್ರ, ನಾವು ದಿನಾ ಸಂಘಕ್ಕ ಹಾಲು ಹಾಕೋ ಮಂದಿ. ಗುಡ್ಡದ ಜಾತ್ರ್ಯಾಗ ನಾಕ್ ದಿನ ಚಹಾದ ಅಂಗಡಿ ಹಾಕಿದ್ರ ಅದಕ್ಕೂ ಲೈಸನ್ಸ್ ಬೇಕೇನ್ರಿ?”

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಸದಸ್ಯರಲ್ಲಿ ಇಂಥ ಪ್ರಶ್ನೆ ಏಳುವುದು ಸಹಜ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಭಕ್ತರು ಬರುತ್ತಾರೆ. ಅಕ್ಟೋಬರ್ ತಿಂಗಳಿನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ. ರಾಮದುರ್ಗ ತಾಲೂಕಿನಲ್ಲಿ ಗೊಡಚಿ ವೀರಭದ್ರೇಶ್ವರ ಜಾತ್ರೆ ಇದೆ. ಈ ದಿನಗಳಲ್ಲಿ ನಮ್ಮ ಅನೇಕ ಮನೆಗಳವರು ಚಹಾ, ಮಜ್ಜಿಗೆ, ಮೊಸರು, ಪೇಡೆ ಮಾರಿ ನಾಲ್ಕು ಕಾಸು ಕಾಣುತ್ತಾರೆ. ಇನ್ನು ಕೆಲವರ ಮನೆಯವರು ಖಾನಾವಳಿಯಲ್ಲಿ, ಹೋಟೆಲಿನಲ್ಲಿ, ಶಾಲೆಯ ಬಿಸಿಯೂಟದಲ್ಲಿ ಅಡುಗೆ ಕೆಲಸಕ್ಕೆ ಇದ್ದಾರೆ. ಇವರೆಲ್ಲರಿಗೂ ಸಂಬಂಧಿಸಿದ ಕಾನೂನು ಏನು ಹೇಳುತ್ತದೆ, ಅದರ ಹಿಂದಿನ ಕಾರಣವೇನು ಎಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ವಿನಾಯಿತಿ ಎಲ್ಲಿಯವರೆಗೆ?

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ. ಅದಕ್ಕೂ ಮೊದಲು 1954ರ ಕಲಬೆರಕೆ ತಡೆ ಕಾಯ್ದೆ ಇತ್ತು. ಹೊಸ ಕಾಯ್ದೆಯ ಪ್ರಕಾರ ಪರವಾನಿಗೆ ಮತ್ತು ನೋಂದಣಿಯ ನಿಯಮಾವಳಿ 2011ರ ಆಗಸ್ಟ್ 5ರಿಂದ ಜಾರಿಗೆ ಬಂದಿತು.

ಈ ನಿಯಮಾವಳಿಯು ಸಹಕಾರ ಸಂಘದ ಸದಸ್ಯರಿಗೆ ಒಂದು ಮುಖ್ಯ ವಿನಾಯಿತಿ ಕೊಟ್ಟಿದೆ. ನೋಂದಾಯಿತ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರಾಗಿದ್ದು, ಮಾರುವ ಹಾಲನ್ನೆಲ್ಲ ಸಂಘಕ್ಕೇ ಹಾಕುವ ಉತ್ಪಾದಕರು ಪ್ರತ್ಯೇಕವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ಮುಂಜಾನೆಯ ಹಾಲನ್ನು ಸಂಘಕ್ಕೆ ಹಾಕಿ, ಸಂಜೆಯ ಹಾಲನ್ನು ಹೋಟೆಲಿಗೆ ಕೊಟ್ಟರೆ “ಎಲ್ಲ ಹಾಲು” ಎಂಬ ಮಾತು ನಿಲ್ಲುವುದಿಲ್ಲ.

ಇನ್ನು ಅದೇ ಹಾಲನ್ನು ಒಲೆಯ ಮೇಲಿಟ್ಟು ಚಹಾ ಮಾಡಿ ಮಾರಿದರೆ, ಹೆಪ್ಪು ಹಾಕಿ ಮೊಸರು ಮಾರಿದರೆ, ಖವಾ ಮಾಡಿ ಪೇಡೆ ಕಟ್ಟಿದರೆ, ಆ ಗಳಿಗೆಯಿಂದ ತಾವು ಉತ್ಪಾದಕರಷ್ಟೇ ಅಲ್ಲ, ಆಹಾರ ವ್ಯಾಪಾರಸ್ಥರೂ ಆಗುತ್ತೀರಿ. ಅಂಗಡಿ ನಾಲ್ಕೇ ದಿನದ್ದಾದರೂ ಸರಿಯೇ. ತಲೆಮೇಲೆ ಬುಟ್ಟಿ ಹೊತ್ತು ಮಾರುವವರು, ಕೈಗಾಡಿಯವರು, ಜಾತ್ರೆಯ ತಾತ್ಕಾಲಿಕ ಅಂಗಡಿಯವರು ಎಲ್ಲರನ್ನೂ ನಿಯಮಾವಳಿ “ಸಣ್ಣ ಆಹಾರ ತಯಾರಕರು” ಎಂದೇ ಕರೆದಿದೆ. ಆದುದರಿಂದ ಮೇಲಿನ ಪ್ರಶ್ನೆಗೆ ಉತ್ತರ ಇಷ್ಟು: ಜಾತ್ರೆಯ ಚಹಾದ ಅಂಗಡಿಗೆ ದೊಡ್ಡ ಲೈಸನ್ಸ್ ಬೇಡ, ನೋಂದಣಿ ಮಾತ್ರ ಬೇಕೇ ಬೇಕು.

ನೋಂದಣಿ ಮತ್ತು ಪರವಾನಿಗೆ

ಇವೆರಡೂ ಒಂದೇ ಅಲ್ಲ. ನೋಂದಣಿ ಸಣ್ಣವರಿಗೆ, ಪರವಾನಿಗೆ ದೊಡ್ಡವರಿಗೆ. 2011ರಲ್ಲಿ ನಿಯಮಾವಳಿ ಬಂದಾಗ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿನವರಿಗೆ ನೋಂದಣಿ ಎಂದೂ, ಅದಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕವೆಂದೂ ಗೊತ್ತುಪಡಿಸಲಾಗಿತ್ತು. ಹಾಲು ಸಂಗ್ರಹಣೆಗೆ ದಿನಕ್ಕೆ 500 ಲೀಟರಿನ ಮಿತಿ ಇಡಲಾಗಿತ್ತು. ಅದನ್ನು ಮೀರಿದರೆ ಪರವಾನಿಗೆ. ಇಂಥ ಮಿತಿ, ಶುಲ್ಕಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವಂಥವು. ಅರ್ಜಿ ಹಾಕುವ ದಿನ ಏನಿದೆ ಎಂಬುದನ್ನು ಆಹಾರ ಸುರಕ್ಷತಾ ಅಧಿಕಾರಿಗಳಲ್ಲಿ ಕೇಳಿಯೇ ಮುಂದುವರಿಯಬೇಕು.

ನೋಂದಣಿಯ ಅರ್ಜಿ ನಮೂನೆ ‘ಎ’. ಇದಕ್ಕೆ ಭಾವಚಿತ್ರ ಮತ್ತು ಗುರುತಿನ ದಾಖಲೆ ಬೇಕು. 2020ರಿಂದ ಅರ್ಜಿಗಳನ್ನು ಫೋಸ್ಕೋಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ಪಡೆಯಲಾಗುತ್ತಿದೆ. ಪ್ರತಿಯೊಬ್ಬರಿಗೂ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಪ್ರಮಾಣಪತ್ರವನ್ನು ಟ್ರಂಕಿನಲ್ಲಿ ಇಡದೆ, ಗಿರಾಕಿಗಳಿಗೆ ಕಾಣುವಂತೆ ಅಂಗಡಿಯಲ್ಲಿ ಹಾಕತಕ್ಕದ್ದು.

ಕೆಲಸಗಾರರ ಆರೋಗ್ಯ ಪ್ರಮಾಣಪತ್ರ

ನೋಂದಣಿ ಅಂಗಡಿಗಾಯಿತು. ಅಂಗಡಿಯಲ್ಲಿ ಕೆಲಸ ಮಾಡುವ ಕೈಗಳ ವಿಷಯವನ್ನು ನಿಯಮಾವಳಿಯ 4ನೆಯ ಅನುಸೂಚಿ ಹೇಳುತ್ತದೆ. ಪರವಾನಿಗೆ ಪಡೆದ ಕಡೆ ಆಹಾರ ಮುಟ್ಟುವ ಪ್ರತಿಯೊಬ್ಬರನ್ನೂ ವರ್ಷಕ್ಕೊಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಈ ಪರೀಕ್ಷೆಯಲ್ಲಿ ಬರುವ ಅಂಶಗಳು:

1. ದೇಹದ ಸಾಮಾನ್ಯ ತಪಾಸಣೆ
2. ಕಣ್ಣಿನ ಪರೀಕ್ಷೆ
3. ಚರ್ಮದ ಪರೀಕ್ಷೆ
4. ವಿಷಮಶೀತ ಜ್ವರ (ಟೈಫಾಯ್ಡ್) ಮುಂತಾದ ಕರುಳಿನ ರೋಗಗಳ ವಿರುದ್ಧ ಲಸಿಕೆ
5. ವೈದ್ಯರಿಗೆ ಸಂಶಯ ಬಂದರೆ ಸಾಂಕ್ರಾಮಿಕ ರೋಗ ಪತ್ತೆಗೆ ಬೇಕಾದ ಪರೀಕ್ಷೆ

ನೋಂದಣಿಯ ಸಣ್ಣ ಅಂಗಡಿಗಳಿಗೂ ಕೆಲವು ಕಟ್ಟಳೆಗಳಿವೆ. ಸಾಂಕ್ರಾಮಿಕ ರೋಗ ಇರುವವರನ್ನು ಕೆಲಸಕ್ಕೆ ನಿಲ್ಲಿಸಬಾರದು. ಗಾಯವನ್ನು ಯಾವಾಗಲೂ ಮುಚ್ಚಿರಬೇಕು. ಗಾಯವಾದವರು ನೇರವಾಗಿ ಆಹಾರ ಮುಟ್ಟಬಾರದು. ಉಗುರು ಕತ್ತರಿಸಿರಬೇಕು. ಕೆಲಸ ಆರಂಭಿಸುವ ಮುನ್ನ ಮತ್ತು ಶೌಚಕ್ಕೆ ಹೋಗಿ ಬಂದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಆಹಾರದ ಬಳಿ ತಂಬಾಕು ತಿನ್ನುವುದು, ಬೀಡಿ ಸೇದುವುದು, ಉಗುಳುವುದು ಕೂಡದು. ಸಣ್ಣ ಅಂಗಡಿಯವರೂ ವರ್ಷಕ್ಕೊಮ್ಮೆ ವೈದ್ಯರಿಗೆ ತೋರಿಸಿ ಪ್ರಮಾಣಪತ್ರ ಪಡೆದರೆ ತಮಗೂ ಗಿರಾಕಿಗೂ ಕ್ಷೇಮ.

ಗಟ್ಟಿಮುಟ್ಟಾದವರಿಗೇಕೆ ಪರೀಕ್ಷೆ?

“ನನಗೇನಾಗೇದ? ಕಲ್ಲಿನಂಗ ಅದೇನಿ” ಎನ್ನುವವರು ಬಹಳ. ಇದಕ್ಕೆ ಉತ್ತರವಾಗಿ ಅಮೆರಿಕದ ಒಂದು ಹಳೆಯ ಪ್ರಸಂಗವನ್ನು ನೋಡೋಣ. ನ್ಯೂಯಾರ್ಕ್ ನಗರದ ಶ್ರೀಮಂತರ ಮನೆಗಳಲ್ಲಿ ಮೇರಿ ಮೆಲನ್ ಎಂಬಾಕೆ ಅಡುಗೆ ಮಾಡುತ್ತಿದ್ದಳು. 1906ರಲ್ಲಿ ಆಕೆ ಕೆಲಸಕ್ಕಿದ್ದ ಒಂದು ಮನೆಯಲ್ಲಿ 11 ಜನರ ಪೈಕಿ 6 ಜನರಿಗೆ ವಿಷಮಶೀತ ಜ್ವರ ಬಂದಿತು. ಜಾರ್ಜ್ ಸೋಪರ್ ಎಂಬ ತಜ್ಞರು ಹುಡುಕುತ್ತಾ ಹೋದಾಗ, ಆಕೆ ಹಿಂದೆ ಕೆಲಸ ಮಾಡಿದ ಮನೆಗಳಲ್ಲಿಯೂ ಜ್ವರ ಕಾಣಿಸಿಕೊಂಡದ್ದು ತಿಳಿಯಿತು. ಮೇರಿಗೆ ಮಾತ್ರ ಯಾವ ಲಕ್ಷಣವೂ ಇರಲಿಲ್ಲ. ರೋಗಾಣು ಆಕೆಯ ದೇಹದಲ್ಲಿದ್ದು ಮಲದ ಮೂಲಕ ಹೊರಬರುತ್ತಿತ್ತು, ಅಲ್ಲಿಂದ ಸರಿಯಾಗಿ ತೊಳೆಯದ ಕೈಗೆ ತಗಲುತ್ತಿತ್ತು.

ಬೇಯಿಸಿದ ಅಡುಗೆಯಲ್ಲಿ ಈ ರೋಗಾಣು ಉಳಿಯುವುದಿಲ್ಲ. ಸೋಪರ್ ಅವರ ಸಂಶಯ ಹೋದದ್ದು ಆಕೆ ಹಸಿ ಹಣ್ಣು ಹೆಚ್ಚಿ ಹಾಕಿ ಮಾಡುತ್ತಿದ್ದ ಐಸ್‌ಕ್ರೀಮ್ ಮೇಲೆ. ಅದು ಹಾಲಿನ ಪದಾರ್ಥವೆಂಬುದನ್ನು ನಾವು ಗಮನಿಸಬೇಕು. ನಮ್ಮ ಕಡೆಯ ಮಜ್ಜಿಗೆ, ಲಸ್ಸಿ, ಮೊಸರುಗಳೂ ಕೈ ಮುಟ್ಟಿದ ಮೇಲೆ ಮತ್ತೆ ಒಲೆ ಕಾಣದ ಪದಾರ್ಥಗಳೇ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1907ರಲ್ಲಿ ಆಕೆಯನ್ನು ಪ್ರತ್ಯೇಕವಾಗಿ ಇರಿಸಿ, ಇನ್ನು ಅಡುಗೆ ಮಾಡುವುದಿಲ್ಲವೆಂಬ ಮಾತು ಪಡೆದು 1910ರಲ್ಲಿ ಬಿಟ್ಟರು. ಬಟ್ಟೆ ತೊಳೆಯುವ ಕೆಲಸದಲ್ಲಿ ಅಡುಗೆಯಷ್ಟು ಸಂಬಳ ಸಿಗಲಿಲ್ಲ. ಹೆಸರು ಬದಲಿಸಿ ಮತ್ತೆ ಅಡುಗೆಗೆ ನಿಂತಳು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಜನರಿಗೆ ಜ್ವರ ಬಂದಾಗ ಅಲ್ಲಿನ ಅಡುಗೆಯವಳು ಇವಳೇ ಎಂದು ತಿಳಿಯಿತು. ಮುಂದೆ 1938ರಲ್ಲಿ ಸಾಯುವವರೆಗೆ ಆಕೆ ಬಂಧನದಲ್ಲಿಯೇ ಇರಬೇಕಾಯಿತು.

ಈ ಪ್ರಸಂಗದಿಂದ ಕಲಿಯಬೇಕಾದದ್ದು ಎರಡು. ಒಂದು, ರೋಗಾಣು ಹೊತ್ತವರು ಹೊರನೋಟಕ್ಕೆ ಕಾಣುವುದಿಲ್ಲ. ಎರಡು, ಕೂಲಿ ತಪ್ಪುವುದೆಂಬ ಹೆದರಿಕೆಯಿದ್ದರೆ ಯಾರೂ ಕಾಯಿಲೆ ಹೇಳಿಕೊಳ್ಳುವುದಿಲ್ಲ. ನಮ್ಮಲ್ಲಿಯೂ ದಿನಗೂಲಿಯ ಹುಡುಗ ಭೇದಿ ಹತ್ತಿದ್ದರೂ ಮುಚ್ಚಿಟ್ಟು ಲೋಟ ತೊಳೆಯುತ್ತಾನೆ. ಅಂಗಡಿಯ ಯಜಮಾನರು ಅಂಥ ದಿನ ಅವನನ್ನು ಬೈದು ಅಟ್ಟದೆ, ಕೂಲಿ ಕೊಟ್ಟು ಮನೆಗೆ ಕಳಿಸುವುದೇ ಲಾಭ.

ಕೈಯ ಗಾಯ, ಪೇಡೆಯ ವಿಷ

ಚರ್ಮದ ಪರೀಕ್ಷೆ ಏಕೆ ಎಂಬುದಕ್ಕೂ ಕಾರಣವಿದೆ. ಕುರು, ಕೀವಾದ ಗಾಯಗಳಲ್ಲಿ ಸ್ಟೆಫಿಲೊಕಾಕಸ್ ಎಂಬ ರೋಗಾಣು ಇರುತ್ತದೆ. ಕೆಚ್ಚಲು ಬಾವು ತರುವ ರೋಗಾಣುಗಳಲ್ಲಿ ಇದೂ ಒಂದು. ಗಾಯದ ಕೈಯಿಂದ ಖವಾ ನಾದಿದಾಗ ಇದು ಖವಾಕ್ಕೆ ಸೇರುತ್ತದೆ. ಖವಾ ಬಿಸಿಲಿನ ದಿನ ಕೆಲವು ತಾಸು ಹಾಗೆಯೇ ಇದ್ದರೆ ರೋಗಾಣು ಬೆಳೆದು ವಿಷ ಬಿಡುತ್ತದೆ. ಮತ್ತೆ ಕಾಸಿದರೆ ರೋಗಾಣು ಸಾಯಬಹುದು. ಆದರೆ ಅದು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ರುಚಿ, ವಾಸನೆಯಲ್ಲಿ ವ್ಯತ್ಯಾಸ ತಿಳಿಯದಿರಬಹುದು. ತಿಂದವರಿಗೆ ಕೆಲವೇ ತಾಸುಗಳಲ್ಲಿ ವಾಂತಿ, ಹೊಟ್ಟೆನೋವು ಶುರುವಾಗುತ್ತದೆ. “ಹಾಲು ಕೆಟ್ಟಿತ್ತು” ಎಂದು ಜನ ಹೇಳುತ್ತಾರೆ. ವಾಸ್ತವವಾಗಿ ಕೆಟ್ಟದ್ದು ಹಾಲಲ್ಲ, ಕೈ.

ನಮ್ಮ ಹಾಲು, ನಮ್ಮ ಮಕ್ಕಳು

ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಆರಂಭವಾಯಿತು. ಅದರಲ್ಲಿ ಶಾಲಾ ಮಕ್ಕಳಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ ಲೀಟರ್ ಹಾಲು ಮಾಡಿ ಕೊಡುವುದೆಂದು ಗೊತ್ತಾಯಿತು. ಹೀಗೆ ನಾವು ಸಂಘಕ್ಕೆ ಹಾಕುವಂಥ ಹಾಲೇ ಪುಡಿಯಾಗಿ ಊರ ಶಾಲೆಗೆ ಮರಳುತ್ತದೆ. ಸಂಘದಲ್ಲಿ ಪರೀಕ್ಷೆಯಾಗಿ, ಡೇರಿಯಲ್ಲಿ ಪಾಶ್ಚರೀಕರಣವಾಗಿ ಬಂದದ್ದು ಕೊನೆಗೆ ತಲುಪುವುದು ಅಡುಗೆಯ ತಾಯಂದಿರ ಕೈಗೆ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುನ್ನ ಒಬ್ಬ ಶಿಕ್ಷಕರೂ ಸೇರಿದಂತೆ ಎರಡು-ಮೂರು ಜನ ದೊಡ್ಡವರು ರುಚಿ ನೋಡಬೇಕೆಂದು 2015ರ ಮಾರ್ಗಸೂಚಿಗಳು ಹೇಳಿವೆ. ಆದರೆ ಮೇಲೆ ಹೇಳಿದ ವಿಷ ರುಚಿಗೆ ಸಿಗುವುದಿಲ್ಲ. ಆದುದರಿಂದ ಅಡುಗೆಯವರ ಆರೋಗ್ಯ ತಪಾಸಣೆಯಾಗಿದೆಯೇ, ಅಡುಗೆಮನೆಯಲ್ಲಿ ಸಾಬೂನು ಇದೆಯೇ ಎಂದು ಕೇಳುವುದು ಪಾಲಕರಾದ ನಮ್ಮೆಲ್ಲರ ಕರ್ತವ್ಯ.

ತರಬೇತಿಯ ಪ್ರಮಾಣಪತ್ರ

ಆಹಾರ ಕೆಲಸಗಾರರಿಗೆ ತರಬೇತಿ ಕೊಡಬೇಕೆಂದು 2006ರ ಕಾಯ್ದೆಯಲ್ಲಿಯೇ ಇದೆ. ಅದರಂತೆ 2017ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಫೋಸ್ಟ್ಯಾಕ್ ಎಂಬ ತರಬೇತಿಯನ್ನು ಆರಂಭಿಸಿತು. ಬೀದಿ ವ್ಯಾಪಾರಿಗಳು, ಅಡುಗೆಯವರು, ಹಾಲಿನ ಪದಾರ್ಥ ತಯಾರಿಸುವವರು, ಹೀಗೆ ಬೇರೆ ಬೇರೆ ಕೆಲಸದವರಿಗೆ ಬೇರೆ ಬೇರೆ ಪಾಠಗಳಿವೆ. ಪರವಾನಿಗೆ ಪಡೆದ ಕಡೆ ಪ್ರತಿ 25 ಕೆಲಸಗಾರರಿಗೆ ಕನಿಷ್ಠ ಒಬ್ಬ ತರಬೇತಿ ಪಡೆದ ಆಹಾರ ಸುರಕ್ಷತಾ ಮೇಲ್ವಿಚಾರಕ ಇರಬೇಕೆಂಬುದು ಇದರ ಕ್ರಮ. ಅವರು ಕಲಿತದ್ದನ್ನು ಉಳಿದವರಿಗೆ ಕಲಿಸಬೇಕು. ಹೋಟೆಲ್ ಕೆಲಸ ಹುಡುಕುವ ನಮ್ಮ ಯುವಕ ಯುವತಿಯರಿಗೆ ಈ ಪ್ರಮಾಣಪತ್ರ ಅನುಕೂಲಕರ.

ಜಾತ್ರೆಗೆ ಹೊರಡುವ ಮುನ್ನ

1. ಜಾತ್ರೆಗೆ ಸಾಕಷ್ಟು ದಿನ ಮುಂಚೆಯೇ ನೋಂದಣಿ ಮಾಡಿಸಿರಿ.
2. ಅಂಗಡಿಯಲ್ಲಿ ನಿಲ್ಲುವ ಎಲ್ಲರನ್ನೂ, ಮನೆಯವರನ್ನೂ ಸೇರಿಸಿ, ವೈದ್ಯರಿಗೆ ತೋರಿಸಿರಿ.
3. ಕುಡಿಯುವ ನೀರಿಗೆ ಮುಚ್ಚಳದ ಪಾತ್ರೆ, ಕೈ ತೊಳೆಯಲು ಬೇರೆ ಕೊಡ ಮತ್ತು ಸಾಬೂನು ಒಯ್ಯಿರಿ.
4. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಂಪು ಪದಾರ್ಥ 5 ಡಿಗ್ರಿಗಿಂತ ಕೆಳಗೆ ಇರಲಿ. ನಡುವಿನ ಉಷ್ಣತೆಯಲ್ಲಿ ರೋಗಾಣು ಬೇಗ ಬೆಳೆಯುತ್ತದೆ.
5. ಹಣ ಎಣಿಸುವವರು ಬೇರೆ, ಪೇಡೆ ಕೊಡುವವರು ಬೇರೆ ಇರಲಿ.

ಸಂಘದಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಸಂಘ ದಿನಕ್ಕೆ ಎಷ್ಟು ಲೀಟರ್ ಹಾಲು ಸಂಗ್ರಹಿಸುತ್ತದೆ? ಅದಕ್ಕೆ ತಕ್ಕ ನೋಂದಣಿ ಅಥವಾ ಪರವಾನಿಗೆ ಚಾಲ್ತಿಯಲ್ಲಿದೆಯೇ?
2. ಹಾಲು ಪರೀಕ್ಷಕರು ಮತ್ತು ಕ್ಯಾನು ಮುಟ್ಟುವ ಸಿಬ್ಬಂದಿಯ ಆರೋಗ್ಯ ತಪಾಸಣೆ ಕೊನೆಯ ಸಲ ಆದದ್ದು ಯಾವಾಗ?
3. ನಮ್ಮ ಸದಸ್ಯರಲ್ಲಿ ಮೊಸರು, ಖವಾ, ಪೇಡೆ, ಚಹಾ ಮಾರುವವರು ಯಾರು ಯಾರು? ಅವರೆಲ್ಲರ ನೋಂದಣಿಗೆ ಒಂದೇ ದಿನ ವ್ಯವಸ್ಥೆ ಮಾಡಬಹುದೇ?

ಸದಸ್ಯ ಬಾಂಧವರೇ, ಗೋಡೆಗೆ ಹಾಕಿದ ಕಾಗದ ತಾನೇ ಕೈ ತೊಳೆಯುವುದಿಲ್ಲ. ಕಾಗದ ಇದ್ದೂ ಕೈ ಹೊಲಸಾಗಿದ್ದರೆ ಪ್ರಯೋಜನವಿಲ್ಲ. ಕೈ ಸ್ವಚ್ಛವಿದ್ದು ಕಾಗದ ಇಲ್ಲದಿದ್ದರೆ ಕಾನೂನಿನ ಮುಂದೆ ಉತ್ತರವಿಲ್ಲ. ಎರಡೂ ಇರಲಿ. ಗುಡ್ಡ ಹತ್ತಿ ಬಂದ ಮಂದಿ ನಮ್ಮ ಅಂಗಡಿಯ ಒಂದು ಲೋಟ ಮಜ್ಜಿಗೆ ಕುಡಿದು, ಆರೋಗ್ಯದಿಂದ ತಮ್ಮ ಊರು ಸೇರಲಿ. ಮುಂದಿನ ಹುಣ್ಣಿಮೆಗೆ ಅವರು ಅದೇ ಅಂಗಡಿ ಹುಡುಕಿಕೊಂಡು ಬರುತ್ತಾರೆ.