ಫೋಟೋ ನೋಟೀಸು ಬಂದರೆ ಹೆದರಲೂ ಬೇಡಿ, ಸುಮ್ಮನಿರಲೂ ಬೇಡಿ



ಹೋಟೆಲಿಗೆ ನೋಟೀಸು ಎಂದರೆ ಮಹಾನಗರಪಾಲಿಕೆಯದ್ದು, ಆಹಾರ ಇಲಾಖೆಯದ್ದು, ತೂಕ-ಅಳತೆಯವರದ್ದು ಎಂದೇ ನಾವು ತಿಳಿದಿದ್ದೆವು. ಈಗ ಅದಕ್ಕೆ ಹೊಸ ಬಗೆಯೊಂದು ಸೇರಿದೆ. ನಮ್ಮ ವೆಬ್‌ಸೈಟಿನಲ್ಲೋ, ಫೇಸ್‌ಬುಕ್ ಪುಟದಲ್ಲೋ, ಆರ್ಡರ್ ಆ್ಯಪ್‌ನ ಮೆನುವಿನಲ್ಲೋ ಹಾಕಿದ ಮಸಾಲೆ ದೋಸೆಯ ಚಿತ್ರ ತಮ್ಮದು, ಇಷ್ಟು ದಿನದೊಳಗೆ ಇಷ್ಟು ಹಣ ಕಟ್ಟಿ ಎಂಬ ಪತ್ರ. ಕೆಲವರು ಗಾಬರಿಯಿಂದ ಕೇಳಿದಷ್ಟನ್ನೂ ಕಟ್ಟಿಬಿಡುತ್ತಾರೆ. ಕೆಲವರು ಹರಿದು ಬುಟ್ಟಿಗೆ ಹಾಕುತ್ತಾರೆ. ಎರಡೂ ನಷ್ಟದ ದಾರಿಯೇ. ಇಂಥ ಪತ್ರ ಬಂದಾಗ ಏನು ಮಾಡಬೇಕೆಂಬುದನ್ನು ಕ್ರಮವಾಗಿ ನೋಡೋಣ.

ಫೋಟೋ ಯಾರ ಸ್ವತ್ತು?

1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಫೋಟೋ ಕೂಡ ಒಂದು ಕಲಾಕೃತಿ. ತೆಗೆದ ಕ್ಷಣದಿಂದಲೇ ಅದಕ್ಕೆ ರಕ್ಷಣೆ ಇದೆ, ನೋಂದಣಿ ಕಡ್ಡಾಯವಲ್ಲ. ಆದ್ದರಿಂದ "ನಿಮ್ಮ ನೋಂದಣಿ ಪತ್ರ ಎಲ್ಲಿದೆ?" ಎಂದು ಕೇಳಿದ ಮಾತ್ರಕ್ಕೆ ನಾವು ಪಾರಾಗುವುದಿಲ್ಲ. "ಗೂಗಲ್‌ನಲ್ಲಿ ಸಿಕ್ಕಿತು" ಎಂಬುದೂ ಉತ್ತರವಲ್ಲ. ಗೂಗಲ್ ಚಿತ್ರ ಎಲ್ಲಿದೆ ಎಂದು ತೋರಿಸುತ್ತದೆ, ಬಳಸುವ ಹಕ್ಕು ಕೊಡುವುದಿಲ್ಲ. ಹೊರದೇಶದ ಫೋಟೋ ಆದರೂ ಬರ್ನ್ ಒಪ್ಪಂದದ ಮೂಲಕ ಇಲ್ಲಿ ರಕ್ಷಣೆ ಉಂಟು.

ಕಾಯಿದೆಯ 17ನೇ ಕಲಂ ನಮಗೆ ಮುಖ್ಯ. ಸಾಮಾನ್ಯವಾಗಿ ಫೋಟೋ ತೆಗೆದವರೇ ಮೊದಲ ಮಾಲೀಕರು. ಆದರೆ ಹಣ ಕೊಟ್ಟು ನಾವು ಹೇಳಿ ತೆಗೆಸಿದ ಫೋಟೋಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ನಾವೇ ಮಾಲೀಕರು. ನಮ್ಮ ನೌಕರ ತನ್ನ ಕೆಲಸದ ಭಾಗವಾಗಿ ತೆಗೆದರೂ ಹಾಗೆಯೇ. ಕೇಟರಿಂಗ್ ಮಾಡುವವರು ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಮದುವೆ ಮನೆಯವರು ಹಣ ಕೊಟ್ಟು ತೆಗೆಸಿದ ಊಟದ ಪಂಕ್ತಿಯ ಫೋಟೋ ಸಾಮಾನ್ಯವಾಗಿ ಆ ಮನೆಯವರದ್ದು. ಅಡುಗೆ ನಮ್ಮದಾದರೂ ಫೋಟೋ ನಮ್ಮದಲ್ಲ. ಅದನ್ನು ನಮ್ಮ ಜಾಹೀರಾತಿಗೆ ಹಾಕುವ ಮೊದಲು ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಪತ್ರ ಬಂದಾಗ ಏನು ಮಾಡಬೇಕು?

1. ಪತ್ರ ನಿಜವೋ ಮೋಸವೋ ನೋಡಿ. ಇ-ಮೇಲ್‌ನಲ್ಲಿ "ಸಾಕ್ಷಿ ನೋಡಲು ಇಲ್ಲಿ ಒತ್ತಿ" ಎಂದಿದ್ದರೆ ಒತ್ತಬೇಡಿ. ಛಾಯಾಗ್ರಾಹಕರ ಹೆಸರಿನಲ್ಲಿ ಇಂಥ ಬೆದರಿಕೆ ಕಳಿಸಿ ಕಂಪ್ಯೂಟರಿಗೆ ವೈರಸ್ ಸೇರಿಸುವ ಮೋಸವೊಂದನ್ನು ಮೈಕ್ರೋಸಾಫ್ಟ್ 2021ರಲ್ಲಿ ಬಯಲಿಗೆ ತಂದಿತ್ತು.

2. ದಾಖಲೆ ಇಟ್ಟುಕೊಂಡು ಚಿತ್ರ ತೆಗೆಯಿರಿ. ಮೊದಲು ಆ ಪುಟದ ಪ್ರತಿಯೊಂದನ್ನು ತಾರೀಕು ಸಹಿತ ಉಳಿಸಿಕೊಳ್ಳಿ. ಆಮೇಲೆ ಚಿತ್ರವನ್ನು ಪುಟದಿಂದಲೂ ಸರ್ವರ್‌ನಿಂದಲೂ ತೆಗೆಸಿ. ಪತ್ರ ಕೈಸೇರಿದ ಮೇಲೂ ಬಳಸುತ್ತಿದ್ದರೆ "ಗೊತ್ತಿರಲಿಲ್ಲ" ಎನ್ನುವ ಮಾತಿಗೆ ಬೆಲೆ ಇರುವುದಿಲ್ಲ. ಮೆನು ಕಾರ್ಡ್, ಬೋರ್ಡ್, ಆರ್ಡರ್ ಆ್ಯಪ್‌ಗಳಲ್ಲೂ ಅದೇ ಚಿತ್ರ ಇದೆಯೇ ನೋಡಿ.

3. ಚಿತ್ರ ಎಲ್ಲಿಂದ ಬಂತೆಂದು ಹುಡುಕಿ. ವೆಬ್‌ಸೈಟ್ ಮಾಡಿಕೊಟ್ಟವರ ಬಿಲ್ಲು, ಲೈಸೆನ್ಸು, ವಾಟ್ಸಪ್ ಮಾತುಕತೆ ತೆಗೆದಿಡಿ. ಡಿಸೈನರ್ ಹಾಕಿದ್ದಾದರೂ ಪುಟ ನಮ್ಮ ಹೆಸರಿನಲ್ಲಿದೆ, ಆದ್ದರಿಂದ ಉತ್ತರ ಕೊಡಬೇಕಾದವರು ನಾವೇ. ಡಿಸೈನರ್ ಬಳಿ ನಷ್ಟ ಕೇಳುವುದು ಬೇರೆ ವಿಚಾರ.

4. ಅವರ ಹಕ್ಕಿನ ಪುರಾವೆ ಕೇಳಿ. ಮೂಲ ಕಡತ, ಛಾಯಾಗ್ರಾಹಕರಿಂದ ಹಕ್ಕು ಪಡೆದ ಬರಹ, ಏಜೆಂಟರಾದರೆ ಅಧಿಕಾರ ಪತ್ರ ಕೇಳುವುದು ನ್ಯಾಯವೇ. ಹಕ್ಕಿನ ವರ್ಗಾವಣೆ ಬರಹದಲ್ಲಿಯೇ ಇರಬೇಕೆಂದು 19ನೇ ಕಲಂ ಹೇಳುತ್ತದೆ.

5. ಬರಹದಲ್ಲೇ ಉತ್ತರ ಕೊಡಿ. ಫೋನಿನಲ್ಲಿ ಜಗಳ ಬೇಡ, ಒಪ್ಪಿಗೆಯೂ ಬೇಡ. ಸುಳ್ಳನ್ನಂತೂ ಬರೆಯಲೇಬೇಡಿ. ಉತ್ತರ ಇಷ್ಟಿದ್ದರೆ ಸಾಕು:

"ತಮ್ಮ ಪತ್ರ ತಲುಪಿತು. ತಾವು ಹೇಳಿದ ಚಿತ್ರವನ್ನು ಇಂಥ ದಿನ ತೆಗೆದಿದ್ದೇವೆ. ಇದು ಹೊಣೆಯ ಒಪ್ಪಿಗೆಯಲ್ಲ. ಚಿತ್ರದ ಹಕ್ಕು ತಮ್ಮದೆಂಬ ದಾಖಲೆ, ಆ ಚಿತ್ರಕ್ಕೆ ತಾವು ಸಾಮಾನ್ಯವಾಗಿ ಪಡೆಯುವ ಶುಲ್ಕ ಮತ್ತು ಕೇಳಿದ ಮೊತ್ತದ ಲೆಕ್ಕ ಕಳಿಸಿರಿ. ಅವು ಬಂದ ನಂತರ ಪರಿಶೀಲಿಸಿ ಉತ್ತರಿಸುತ್ತೇವೆ."

ಎಷ್ಟು ಹಣ?

ನಮ್ಮ ಕಾಯಿದೆಯಲ್ಲಿ ಫೋಟೋ ಒಂದಕ್ಕೆ ಇಷ್ಟು ಎಂಬ ನಿಗದಿತ ಪರಿಹಾರ ಇಲ್ಲ. ಅಮೆರಿಕದ ಕಾನೂನಿನಲ್ಲಿ ಅಂಥ ಮೊತ್ತ ಉಂಟು. ಅಲ್ಲಿನ ಡಾಲರ್ ಲೆಕ್ಕ ಇಲ್ಲಿನ ಬಳಕೆಗೆ ತಾನಾಗಿ ಬರುವುದಿಲ್ಲ. ಚಿತ್ರ ಅವರದ್ದೆಂದು ಖಚಿತವಾದರೆ, ಎಷ್ಟು ಕಾಲ ಬಳಸಿದೆವು, ಅದರ ಮಾಮೂಲು ಶುಲ್ಕ ಎಷ್ಟು ಎಂಬುದರ ಮೇಲೆ ಚೌಕಾಸಿ ಮಾಡಬಹುದು. ಚಿತ್ರ ತೆಗೆದರೂ ಹಿಂದಿನ ಬಳಕೆಯ ಹೊಣೆ ಉಳಿಯುತ್ತದೆ ಎಂಬುದು ನೆನಪಿರಲಿ. ಹಣ ಕೊಡುವುದಾದರೆ ಯಾವ ಚಿತ್ರ, ಯಾವ ಅವಧಿ, ಮುಂದೆ ಈ ಬಗ್ಗೆ ಯಾವ ಬೇಡಿಕೆಯೂ ಇಲ್ಲ ಎಂದು ಬರೆಸಿ ಸಹಿ ಪಡೆದು ಬ್ಯಾಂಕ್ ಮೂಲಕವೇ ಕೊಡಿ.

55ನೇ ಕಲಂ ಪ್ರಕಾರ, ಕೃತಿಸ್ವಾಮ್ಯ ಇದೆಯೆಂದು ತಿಳಿಯದೆ, ತಿಳಿಯಲು ಕಾರಣವೂ ಇಲ್ಲದೆ ಬಳಸಿದ್ದೆಂದು ಸಾಬೀತಾದರೆ ತಡೆಯಾಜ್ಞೆ ಮತ್ತು ಲಾಭದ ಪಾಲು ಮಾತ್ರ ಕೇಳಬಹುದು. ಆದರೆ ಮೂಲೆಯಲ್ಲಿ ಛಾಯಾಗ್ರಾಹಕರ ಹೆಸರಿರುವ ಚಿತ್ರಕ್ಕೆ ಈ ಮಾತು ನಿಲ್ಲುವುದು ಕಷ್ಟ. ಆ ಹೆಸರನ್ನು ತಿಳಿದೂ ಅಳಿಸುವುದು 65ಬಿ ಕಲಂ ಪ್ರಕಾರ ಬೇರೆಯೇ ಅಪರಾಧ.

ವಕೀಲರು ಯಾವಾಗ?

ಬೇಡಿಕೆ ದೊಡ್ಡದಿದ್ದರೆ, ಪತ್ರದಲ್ಲಿ 63ನೇ ಕಲಂ ಪ್ರಸ್ತಾಪ ಇದ್ದರೆ ತಡಮಾಡದೆ ವಕೀಲರನ್ನು ಕಾಣಿ. ತಿಳಿದೂ ಉಲ್ಲಂಘಿಸಿದವರಿಗೆ ಆ ಕಲಂ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಇದು ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಕೋರ್ಟಿನ ಸಮನ್ಸ್ ಬಂದರಂತೂ ಅದು ಬರೀ ಪತ್ರವಲ್ಲ, ಲಿಖಿತ ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಗಡುವು ಇರುತ್ತದೆ. ಹಾಗೆಯೇ, ಆಧಾರವಿಲ್ಲದೆ ಬೆದರಿಸುವವರ ವಿರುದ್ಧ ನಾವೇ ಕೋರ್ಟಿಗೆ ಹೋಗುವ ಹಕ್ಕನ್ನು 60ನೇ ಕಲಂ ಕೊಟ್ಟಿದೆ.

ಇನ್ನು ಮುಂದೆ

ನಮ್ಮ ಅಡುಗೆಮನೆಯ ದೋಸೆ, ವಡೆ, ಕಾಫಿಯನ್ನು ಕಿಟಕಿ ಬೆಳಕಿನಲ್ಲಿ ಮೊಬೈಲಿನಲ್ಲೇ ತೆಗೆದರೂ ಒಳ್ಳೆಯ ಚಿತ್ರ ಬರುತ್ತದೆ. ಗಿರಾಕಿಗೆ ಸಿಗುವುದೂ ಅದೇ ದೋಸೆ. ಫೋಟೋಗ್ರಾಫರ್‌ಗೆ ಹಣ ಕೊಟ್ಟಾಗ "ಹಕ್ಕು ಹೋಟೆಲಿನದ್ದು" ಎಂಬ ಸಾಲನ್ನು ಬರೆಸಿ ಸಹಿ ಪಡೆಯಿರಿ. ವೆಬ್‌ಸೈಟ್ ಮಾಡುವವರಿಂದ ಪ್ರತಿ ಚಿತ್ರದ ಲೈಸೆನ್ಸು ಪಡೆದು ಫೈಲಿನಲ್ಲಿಡಿ. ಈ ವಾರವೇ ಒಂದು ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಪುಟದ ಚಿತ್ರಗಳನ್ನೆಲ್ಲ ಒಮ್ಮೆ ನೋಡಿ. ಯಾವುದರ ಮೂಲ ಗೊತ್ತಿಲ್ಲವೋ ಅದನ್ನು ಇಂದೇ ತೆಗೆದುಬಿಡಿ.