ಸಕ್ಕರೆಗಟ್ಟಿದ ಜೇನು ಕೆಟ್ಟಿಲ್ಲ



“ಸಿಸ್ಟರ್, ಜೇನು ಸಕ್ಕರೆ ಕಟ್ಟಿದೆ, ಕಲಬೆರಕೆ ಅಂತ ಗಿರಾಕಿಗಳು ವಾಪಸ್ ಕೊಡ್ತಾರೆ” ಎನ್ನುವುದು ಸಂಘಗಳಲ್ಲಿ ಕೇಳಿಬರುವ ದೂರು. ಅದನ್ನು ಚೆಲ್ಲಬೇಡಿ. ಜೇನಿನಲ್ಲಿರುವ ಗ್ಲೂಕೋಸ್ ತಂಪಿಗೆ ಹರಳಾಗುವುದು ಸಹಜ. ಹರಳು ದಪ್ಪವಾದರೆ ಮರಳಿನಂತೆ, ನುಣ್ಣಗಾದರೆ ಬೆಣ್ಣೆಯಂತೆ. ಬೆಣ್ಣೆಯಂಥದ್ದೇ ಕ್ರೀಮ್ ಜೇನು. ಡೈಸ್ ಎಂಬ ವಿಜ್ಞಾನಿ 1935ರಲ್ಲಿ ಇದರ ವಿಧಾನಕ್ಕೆ ಪೇಟೆಂಟ್ ಪಡೆದರು.

ನಮಗಿದು ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಸಕ್ಕರೆಗಟ್ಟಿದ ಜೇನನ್ನು ಒಣ ಮಿಕ್ಸಿಯಲ್ಲಿ, ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ, ನುಣ್ಣಗೆ ಅರೆಯಿರಿ. ಹರಳಿಲ್ಲದ 1 ಕಿಲೋ ತೆಳು ಜೇನಿಗೆ ಇದು 100 ಗ್ರಾಂ ಸಾಕು. ನೊರೆ ಏಳದಂತೆ ಮೆಲ್ಲಗೆ ಕಲಸಿ, ಬಾಟಲಿಗೆ ತುಂಬಿ. 14 ಡಿಗ್ರಿ ತಂಪಿನಲ್ಲಿ ಒಂದೆರಡು ವಾರಕ್ಕೆ ಗಟ್ಟಿಯಾಗ್ತದೆ. ನಮ್ಮ ಸೆಕೆಯಲ್ಲಿ ಅಷ್ಟು ತಂಪೆಲ್ಲಿ? ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಡಿ, ಸ್ವಲ್ಪ ತಡವಾದೀತು.

ನಷ್ಟವಾಗುವುದು ನೀರಿನಿಂದ. ನಮ್ಮ ತುಡುವೆ ಜೇನಿನಲ್ಲಿ ನೀರಿನಂಶ ಹೆಚ್ಚು. ಅದು ಶೇಕಡಾ 18 ಮೀರಿದರೆ, ಹರಳಾದ ಮೇಲೆ ಉಳಿದ ಜೇನು ಇನ್ನೂ ನೀರಾಗಿ ಹುಳಿ ಬರಬಹುದು. ಆದ್ದರಿಂದ ಮೇಣದ ಮುಚ್ಚಳ ಕಟ್ಟಿದ ಎರಿಯ ಜೇನನ್ನೇ ಆರಿಸಿ. ಮೊದಲ ಸಲ ಕಾಲು ಕಿಲೋದಲ್ಲಿ ಮಾತ್ರ ಮಾಡಿ ನೋಡಿ.

ಬಾಟಲಿಯ ಚೀಟಿಯಲ್ಲಿ ‘ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದು’ ಎಂದು ಬರೆಯಿರಿ. ಹಸುಗೂಸಿಗೆ ಜೇನು ನೆಕ್ಕಿಸುವ ಅಜ್ಜಿಯಂದಿರಿಗೂ ಓದಿ ಹೇಳಿ.